ನಮ್ಮ ಸ್ಟೋರ್‌ನಲ್ಲಿ ಇಲ್ಲದ ಗೇಮ್‌ಗಾಗಿ ಅಮೆರಿಕದ ಅಕೌಂಟ್ ತೆರೆಯಬಹುದಾ?

ತೆರೆಯಬೇಡಿ. ಪ್ಲೇಸ್ಟೇಷನ್‌ನ ಇಂಡಿಯಾ ಸ್ಟೋರ್‌ನಲ್ಲಿ ಆ ಜಪಾನಿ ಗೇಮ್ ಸಿಗ್ತಿಲ್ಲ, ಭಾವ ಅಮೆರಿಕದಿಂದ ಗಿಫ್ಟ್ ಕಾರ್ಡ್ ಕಳಿಸ್ತೀನಿ ಅಂದಿದ್ದಾರೆ ಅಂತ ಬರೆದಿದ್ದೀರಿ. ಓದಿದ ಕೂಡಲೇ ನನ್ನ 2017ರ ಬೇಸಿಗೆ ರಜೆ ಕಣ್ಣ ಮುಂದೆ ಬಂತು.

ಆಗ ನಾನು ದಾವಣಗೆರೆಯಲ್ಲಿ ಇಂಜಿನಿಯರಿಂಗ್ ಓದ್ತಿದ್ದೆ. ನನಗೂ ಬೇಕಿದ್ದದ್ದು ಒಂದು ಸಣ್ಣ ಜಪಾನಿ ಗೇಮ್. ಹೊಸ ಇಮೇಲ್ ಮಾಡಿ, ಒರೆಗಾನ್ ರಾಜ್ಯದ ಯಾವುದೋ ವಿಳಾಸ ಹಾಕಿ ಅಕೌಂಟ್ ತೆರೆದೆ. ಅಲ್ಲಿ ಸೇಲ್ಸ್ ಟ್ಯಾಕ್ಸ್ ಇಲ್ಲ, ಅದಕ್ಕೇ ಒರೆಗಾನ್. 50 ಡಾಲರ್ ಕಾರ್ಡ್‌ಗೆ ಆನ್‌ಲೈನ್‌ನಲ್ಲಿ ಒಬ್ಬನಿಗೆ 3,900 ರೂಪಾಯಿ ಕೊಟ್ಟೆ. ಗೇಮ್ ಬಂತು, ಆಡಿ ಮುಗಿಸಿದೆ. ಅಲ್ಲಿಗೇ ನಿಲ್ಲಿಸಿದ್ದರೆ ಈ ಉತ್ತರ ಬರೆಯುವ ಪ್ರಮೇಯವೇ ಇರಲಿಲ್ಲ.

ವಾಲೆಟ್‌ನಲ್ಲಿ 20 ಡಾಲರ್ ಉಳಿದಿತ್ತು. ನನ್ನ ಹತ್ತಿರ ಇನ್ನೊಂದು ಗೇಮ್‌ನ ಡಿಸ್ಕ್ ಇತ್ತು, ಇಲ್ಲೇ ಅಂಗಡಿಯಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಅದರ ಡಿಎಲ್‌ಸಿ, ಅಂದ್ರೆ ಡೌನ್‌ಲೋಡ್ ಮಾಡಿ ಗೇಮ್‌ಗೆ ಸೇರಿಸಿಕೊಳ್ಳುವ ಹೊಸ ಭಾಗ, ಸರಿಯಾಗಿ ಅಷ್ಟೇ ಬೆಲೆಗೆ ಅಮೆರಿಕದ ಸ್ಟೋರ್‌ನಲ್ಲಿ ಕಂಡಿತು. ಹಣ ಇದೆಯಲ್ಲ ಅಂತ ಕೊಂಡುಬಿಟ್ಟೆ. ರಾತ್ರಿಯಿಡೀ ಡೌನ್‌ಲೋಡ್ ಆಯಿತು. ಬೆಳಿಗ್ಗೆ ಗೇಮ್ ಹಾಕಿದರೆ ಹೊಸ ಭಾಗವೇ ಇಲ್ಲ. ಅಳಿಸಿ ಮತ್ತೆ ಡೌನ್‌ಲೋಡ್ ಮಾಡಿದೆ. ಆಗಲೂ ಇಲ್ಲ. ಮೂರು ದಿನ ಹೀಗೇ ಹೋಯಿತು.

ತಪ್ಪು ಎಲ್ಲಿತ್ತು ಅಂತ ಬಿಡಿಸಿ ಹೇಳ್ತೀನಿ, ಯಾಕಂದ್ರೆ ಎಲ್ಲರೂ ಬೀಳುವುದು ಇಲ್ಲೇ. ಪ್ಲೇಸ್ಟೇಷನ್ 4ರಲ್ಲಿ ಡಿಸ್ಕ್‌ಗೆ ದೇಶದ ಬೀಗ ಇಲ್ಲ, ಯಾವ ದೇಶದ್ದು ಹಾಕಿದರೂ ಓಡುತ್ತದೆ. ಹಾಗಾಗಿ ಡಿಎಲ್‌ಸಿಯೂ ಓಡುತ್ತದೆ ಅಂದ್ಕೊಂಡೆ. ಓಡುವುದಿಲ್ಲ. ಡಿಸ್ಕ್ ಡಬ್ಬಿಯ ಬೆನ್ನ ಮೇಲೆ ಸಣ್ಣ ಅಕ್ಷರದಲ್ಲಿ ಸಿಯುಎಸ್‌ಎ ಅಂತ ಶುರುವಾಗಿ ಐದು ಅಂಕಿ ಇರುತ್ತವೆ. ನಮ್ಮಲ್ಲಿ ಮಾರುವ ಡಿಸ್ಕ್‌ಗಳು ಯುರೋಪ್ ಗುಂಪಿನವು. ಅದೇ ಗೇಮ್‌ನ ಅಮೆರಿಕದ ಪ್ರತಿಗೆ ಸಾಮಾನ್ಯವಾಗಿ ಬೇರೆ ನಂಬರ್. ಸ್ಟೋರ್‌ನ ವೆಬ್ ವಿಳಾಸದಲ್ಲಿರುವ ಗೇಮ್‌ನ ಕೋಡ್ ನೋಡಿದರೂ ಗೊತ್ತಾಗುತ್ತದೆ: ಅಮೆರಿಕದ್ದಾದರೆ ಯುಪಿ, ಯುರೋಪ್‌ದಾದರೆ ಇಪಿ ಅಂತ ಶುರುವಾಗುತ್ತದೆ. ನನ್ನ ಡಿಸ್ಕ್ ಇಪಿ, ಡಿಎಲ್‌ಸಿ ಯುಪಿ. ಹೆಸರು ಒಂದೇ ಆದರೂ ಮಷೀನ್‌ನ ಲೆಕ್ಕದಲ್ಲಿ ಅವು ಎರಡು ಬೇರೆ ಗೇಮ್. ಡೌನ್‌ಲೋಡ್ ಶುರು ಮಾಡಿದ್ದರಿಂದ ಹಣ ವಾಪಸ್ ಇಲ್ಲ. ಅಮೆರಿಕದ ವಾಲೆಟ್‌ನಿಂದ ಇಂಡಿಯಾ ಅಕೌಂಟ್‌ಗೆ ಹಣ ದಾಟಿಸೋಕೂ ಆಗುವುದಿಲ್ಲ.

ಅಪ್ಪನದು ಎಪಿಎಂಸಿಯಲ್ಲಿ ಮೆಕ್ಕೆಜೋಳದ ವ್ಯಾಪಾರ. ನಾನು ಸಪ್ಪೆ ಮುಖ ಹಾಕ್ಕೊಂಡು ಕೂತಿದ್ದು ನೋಡಿ ಕೇಳಿದರು. ಎಲ್ಲ ಹೇಳಿದೆ. "ಲೈಸೆನ್ಸ್ ಇಲ್ಲದ ಊರಾಗೆ ತಕ್ಕಡಿ ಹಿಡಿಯಾಕೆ ಬಿಡ್ತಾರೇನಲೇ?" ಅಂದರು. ಮೊದಲೆಲ್ಲ ಒಂದೊಂದು ಮಾರುಕಟ್ಟೆಗೂ ಬೇರೆ ಲೈಸೆನ್ಸ್ ಬೇಕಿತ್ತು. ದಾವಣಗೆರೆಯದು ಇಟ್ಕೊಂಡು ಹರಿಹರದಲ್ಲಿ ಮಾಲು ಹಿಡಿಯೋಕೆ ಆಗ್ತಿರಲಿಲ್ಲ.

ಗೇಮ್‌ನ ಕತೆಯೂ ಅದೇ. ಮಾಡಿದವರು ಜಪಾನಿನವರು. ಮಾರುವ ಹಕ್ಕನ್ನು ಅಮೆರಿಕಕ್ಕೆ ಒಬ್ಬರಿಗೆ, ಯುರೋಪ್‌ಗೆ ಇನ್ನೊಬ್ಬರಿಗೆ ಕೊಟ್ಟಿರುತ್ತಾರೆ. ನಮ್ಮ ಕಡೆಗೆ ಯಾರೂ ತಗೊಳ್ಳದಿದ್ದರೆ ಇಲ್ಲಿ ಬರುವುದಿಲ್ಲ, ಅಷ್ಟೇ. ಇದರ ಜೊತೆಗೆ ವಯಸ್ಸಿನ ರೇಟಿಂಗ್ ಇದೆ: ಜರ್ಮನಿಯಲ್ಲಿ 2024ರ ನವೆಂಬರ್‌ನಿಂದ ರೇಟಿಂಗ್ ಇಲ್ಲದ ಗೇಮ್ ಸ್ಟೀಮ್ ಅನ್ನುವ ಪಿಸಿ ಗೇಮ್ ಸ್ಟೋರ್‌ನಲ್ಲಿ ಕಾಣಿಸುವುದಿಲ್ಲ. ಕೆಲವೊಮ್ಮೆ ಕಂಪನಿಯೇ ಹಿಂದೆ ಸರಿಯುತ್ತದೆ. 2008ರಲ್ಲಿ ಮೈಕ್ರೋಸಾಫ್ಟ್ ಇಲ್ಲಿನ ಸಾಂಸ್ಕೃತಿಕ ಸೂಕ್ಷ್ಮತೆಯ ಕಾರಣ ಕೊಟ್ಟು ಎಕ್ಸ್‌ಬಾಕ್ಸ್‌ನ ಫಾಲ್‌ಔಟ್ 3 ಅನ್ನು ಭಾರತಕ್ಕೆ ತರಲೇ ಇಲ್ಲ. ಅದರಲ್ಲಿ ಎರಡು ತಲೆಯ ಹಸುವಿಗೆ 'ಬ್ರಾಹ್ಮಿನ್' ಅಂತ ಹೆಸರಿತ್ತು. 2024ರ ಮೇನಲ್ಲಿ ಹೆಲ್‌ಡೈವರ್ಸ್ 2 ಗೇಮ್‌ನ ಪಿಸಿ ಪ್ರತಿಯ 170ಕ್ಕೂ ಹೆಚ್ಚು ದೇಶ, ಪ್ರದೇಶಗಳಲ್ಲಿ ಮಾರಾಟ ನಿಂತಿತು. ಅದನ್ನು ಮಾರುವ ಸೋನಿಯವರು ಆಡಲು ಪ್ಲೇಸ್ಟೇಷನ್ ಅಕೌಂಟ್ ಕಡ್ಡಾಯ ಮಾಡಲು ಹೊರಟಿದ್ದರು, ಅಲ್ಲೆಲ್ಲ ಆ ಸೇವೆಯೇ ಇರಲಿಲ್ಲ.

ಹಾಗಾಗಿ ಯಾವ ದೇಶದ ಅಕೌಂಟ್ ಒಳ್ಳೇದು ಅನ್ನುವ ಪ್ರಶ್ನೆಯೇ ಸರಿಯಲ್ಲ ಅಂತ ನನ್ನ ಅಭಿಪ್ರಾಯ. ಇವತ್ತು ಒಂದು ಗೇಮ್‌ಗೆ ಅಂತ ತೆರೀತೀರಿ. ನಾಳೆ ಅದರ ಡಿಎಲ್‌ಸಿಗೆ ಮತ್ತೆ ಅಲ್ಲಿನದೇ ಕಾರ್ಡ್ ಬೇಕು. ಪ್ರತಿ ಸಲ ಭಾವನನ್ನು ಕೇಳೋಕೆ ಆಗುತ್ತಾ?

ಆ ಗೇಮ್ ಪಿಸಿಗೆ ಬಂದಿದೆಯಾ ಮೊದಲು ನೋಡಿ. ಸ್ಟೀಮ್‌ನಲ್ಲಿ 2015ರಿಂದ ರೂಪಾಯಿಯಲ್ಲೇ ಬೆಲೆ ಇದೆ, ಯುಪಿಐ ನಡೆಯುತ್ತದೆ. ಆದರೆ ಅಲ್ಲಿ ಸುಮ್ನೆ ವಿಪಿಎನ್ ಹಾಕಿ ದೇಶ ಬದಲಿಸೋಕೆ ಹೋಗಬೇಡಿ. ಅದು ನಿಯಮಕ್ಕೆ ವಿರುದ್ಧ, ಇರುವ ಅಕೌಂಟ್‌ಗೇ ಕುತ್ತು. ಪಿಸಿಗೆ ಬಂದಿಲ್ಲ ಅಂದ್ರೆ ಆಮದಾದ ಡಿಸ್ಕ್ ಹುಡುಕಿ, ಡಬ್ಬಿಯ ಬೆನ್ನಿನ ನಂಬರ್‌ನ ಫೋಟೊ ಕಳಿಸಿ ಅಂತ ಅಂಗಡಿಯವರನ್ನು ಕೇಳಿ, ಆಮೇಲೆ ದುಡ್ಡು ಕೊಡಿ. ಭಾವನಿಗೆ ಇವತ್ತೇ ಫೋನ್ ಮಾಡಿ ಕಾರ್ಡ್ ಬೇಡ ಅನ್ನಿ.