ಆ “ಇನ್ನು 20 ನಿಮಿಷ” ಯಾಕೆ ಮುಗಿಯಲ್ಲ?

ಪ್ರಶ್ನೆ: ಸಾರ್, ಮಗಳು ಬೆಂಗಳೂರಲ್ಲಿ ಮೈಕ್ರೋಬಯಾಲಜಿ ಪಿಎಚ್‌ಡಿ ಮಾಡ್ತಿದಾಳೆ. ಭಾನುವಾರ ಇಲ್ಲ, ಹಬ್ಬ ಇಲ್ಲ, ರಾತ್ರಿ 10ಕ್ಕೆ ಫೋನ್ ಮಾಡಿದ್ರೂ “ಲ್ಯಾಬಲ್ಲಿದೀನಿ ಅಮ್ಮ, ಇನ್ನು 20 ನಿಮಿಷ” ಅಂತಾಳೆ. 10ರಿಂದ 5ರೊಳಗೆ ಮುಗಿಸೋಕೆ ಆಗಲ್ವಾ?
— ಒಬ್ಬ ತಾಯಿ, ತುಮಕೂರು

ಉತ್ತರ: ಅಮ್ಮಾ, ಆ 20 ನಿಮಿಷ ನೆಪ ಅಲ್ಲ. ಇ. ಕೋಲೈ ಅನ್ನೋ ಬ್ಯಾಕ್ಟೀರಿಯಾಗೆ ಒಳ್ಳೇ ಊಟ, 37 ಡಿಗ್ರಿ ಬಿಸಿ ಸಿಕ್ರೆ ಒಂದು ಎರಡಾಗೋಕೆ ಸುಮಾರು 20 ನಿಮಿಷ ಸಾಕು. ನೀವು ರಾತ್ರಿ ಹಾಲಿಗೆ ಹೆಪ್ಪು ಹಾಕ್ತೀರಲ್ಲ, ಹಾಗೇ ಸಂಜೆ ಕಲ್ಚರ್ ಹಾಕಿಟ್ಟು, ಬೆಳಗ್ಗೆ ಅದರ ನೂರರಲ್ಲೊಂದು ಪಾಲನ್ನ ಹೊಸ ಮೀಡಿಯಂಗೆ, ಅಂದ್ರೆ ಅದರ ಊಟ ಇರೋ ದ್ರವಕ್ಕೆ ಹಾಕಿ, ಅಲ್ಲಾಡಿಸ್ತಾ ಇರೋ ಶೇಕರಲ್ಲಿಟ್ಟು, ಅರ್ಧರ್ಧ ಗಂಟೆಗೆ ಒಂದು ಎಂಎಲ್ ತೆಗೆದು ಎಷ್ಟು ಮಬ್ಬಾಗಿದೆ ಅಂತ ಮಷೀನಲ್ಲಿ ನೋಡ್ತಾ ಕೂರಬೇಕು. ಮಷೀನ್ ತೋರಿಸೋ ಮಬ್ಬಿನ ಅಂಕಿ 0.5 ಹತ್ರ ಬಂದಾಗ ಹಿಡೀಬೇಕು. ಊಟಕ್ಕೆ ಹೋಗಿ ಬರೋಷ್ಟರಲ್ಲಿ 1 ದಾಟಿದ್ರೆ ಎಷ್ಟೋ ಪ್ರಯೋಗಕ್ಕೆ ಅದು ಹುಳಿ ಮೊಸರಿದ್ದ ಹಾಗೆ, ಮತ್ತೆ ಮೊದಲಿಂದ. ಹಿಡಿದ ಮೇಲೂ ಅದರಿಂದ ಪ್ರೋಟೀನ್ ಮಾಡಿಸೋದಿದ್ರೆ ಇನ್ನೊಂದು 3-4 ಗಂಟೆ, ಆಮೇಲೆ ಗಿರಗಿರ ತಿರುಗಿಸಿ ಬ್ಯಾಕ್ಟೀರಿಯಾನ ಬೇರ್ಪಡಿಸೋ ಸೆಂಟ್ರಿಫ್ಯೂಜು, ರಾತ್ರಿ ಆಗೇ ಆಗತ್ತೆ.

ಹಾಗಂತ ಎಲ್ಲಾ ರಾತ್ರಿಗೂ ಬ್ಯಾಕ್ಟೀರಿಯಾನೇ ಕಾರಣ ಅಲ್ಲ. ಹಗಲು ಮಷೀನ್ ಸ್ಲಾಟ್ ಸಿಗಲ್ಲ, ಜೆಆರ್‌ಎಫ್ (ಜೂನಿಯರ್), ಎಸ್‌ಆರ್‌ಎಫ್ (ಸೀನಿಯರ್) ಎರಡೂ ಸೇರಿ ಸಂಶೋಧನೆಗೆ ಸಿಗೋ ಫೆಲೋಶಿಪ್ 5 ವರ್ಷ ಅಷ್ಟೇ, ಆ ಒತ್ತಡ ಬೇರೆ. ಅದು ನಾವು ಮನುಷ್ಯರು ಮಾಡಿಟ್ಟಿರೋದು, ಬದಲಾಗ್ಲೇಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಆದ್ರೆ ಲ್ಯಾಬಿನವರು ಕಾಲಾನ ನಿಲ್ಲಿಸೋದನ್ನೂ ಕಲಿತಿದಾರೆ, ಇದು ನಂಗೆ ತುಂಬಾ ಇಷ್ಟದ ವಿಷ್ಯ. ಅಮೆರಿಕದಲ್ಲಿ ರಿಚರ್ಡ್ ಲೆನ್ಸ್‌ಕಿ ಅನ್ನೋರು 1988ರ ಫೆಬ್ರವರಿಲಿ 12 ಫ್ಲಾಸ್ಕಲ್ಲಿ ಇದೇ ಇ. ಕೋಲೈ ಬೆಳೆಸೋಕೆ ಶುರು ಮಾಡಿದ್ರು. ದಿನಾ ನೂರರಲ್ಲೊಂದು ಪಾಲು ಹೊಸ ಫ್ಲಾಸ್ಕಿಗೆ, ಊಟ ಬೇಗ ಮುಗಿಯೋದ್ರಿಂದ ದಿನಕ್ಕೆ ಸುಮಾರು ಆರೂವರೆ ತಲೆಮಾರಷ್ಟೇ, 500 ತಲೆಮಾರಿಗೊಮ್ಮೆ ಒಂದಿಷ್ಟನ್ನ ಗ್ಲಿಸರಾಲ್ ಸೇರಿಸಿ ಮೈನಸ್ 80 ಡಿಗ್ರಿ ಫ್ರೀಜರಿಗೆ. ಸುಮಾರು 31,500ನೇ ತಲೆಮಾರಿಗೆ ಒಂದು ಫ್ಲಾಸ್ಕಿನವು ಆಕ್ಸಿಜನ್ ಇರುವಾಗ್ಲೂ ಮೀಡಿಯಂನಲ್ಲಿದ್ದ ಸಿಟ್ರೇಟ್ ಅನ್ನೋ ಪದಾರ್ಥ ತಿನ್ನೋದು ಕಲಿತುಬಿಟ್ವು (ಇ. ಕೋಲೈಗೆ ಸಾಮಾನ್ಯವಾಗಿ ಅದು ಆಗಲ್ಲ), ಆಗ ಫ್ರೀಜರಿಂದ ಅವುಗಳ ಮುತ್ತಜ್ಜಂದಿರನ್ನ ಎಬ್ಬಿಸಿ ಮತ್ತೆ ಬೆಳೆಸಿ, ಬದಲಾವಣೆಗೆ ದಾರಿ ಎಲ್ಲಿಂದ ಶುರುವಾಯ್ತು ಅಂತ ಹುಡುಕಿದ್ರು! 2020ರಲ್ಲಿ ಕೊರೊನಾ ಬಂದಾಗ 12ನ್ನೂ ಫ್ರೀಜರಿಗೆ ಹಾಕಿ ಮನೆಗೆ ಹೋದ್ರು, ತಿಂಗಳುಗಳಾದ್ಮೇಲೆ ಬಿಟ್ಟಲ್ಲಿಂದಲೇ ಮುಂದುವರೆಸಿದ್ರು.

ಅದಕ್ಕೇ ಅಮ್ಮಾ, “ಯಾವಾಗ ಬರ್ತೀಯಾ” ಅನ್ನೋ ಬದಲು “ಈ ವಾರ ಫ್ರೀಜರಿಗೆ ಯಾವತ್ತು ಹಾಕ್ತೀಯಾ” ಅಂತ ಕೇಳಿ ನೋಡಿ. ಅವತ್ತು ಸಂಜೆ ಅವಳು ತುಮಕೂರು ಬಸ್ ಹತ್ತಬಹುದು.