ಅಪ್ಪ ಇಲ್ಲದ ವರ್ಷದ ತೆನೆ ಹಬ್ಬ

ಉಡುಪಿ ಕಡೆಯವರು, ಈಗ ಬೆಂಗಳೂರಿನಲ್ಲಿರುವ ಓದುಗರೊಬ್ಬರು ಬರೆದಿದ್ದಾರೆ. ಮೇ ತಿಂಗಳಲ್ಲಿ ಅವರ ತಂದೆ ತೀರಿಕೊಂಡರು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ (ಕರಾವಳಿಯ ಕ್ಯಾಥೊಲಿಕ್ ಕ್ರೈಸ್ತರು ಮಾತೆ ಮರಿಯಮ್ಮನ ಹುಟ್ಟುಹಬ್ಬದ ದಿನ ಮಾಡುವ ಹೊಸ ತೆನೆಯ ಹಬ್ಬ) ಎಲ್ಲರೂ ಊರಿಗೆ ಬರಲೇಬೇಕು ಅಂತ ತಾಯಿಯ ಹಠ. “ದೇವರಿಗೆ ಕೃತಜ್ಞತೆ ಹೇಳುವ ಹಬ್ಬ ಅದು. ಈ ವರ್ಷ ಯಾವ ಬಾಯಲ್ಲಿ ಹೇಳಲಿ? ನಮ್ಮ ಗದ್ದೆ ಕೂಡ ಹೋಗಿ ರಬ್ಬರ್ ತೋಟ ಆಗಿದೆ. ಸುಮ್ನೆ ನಾಟಕ ಅಲ್ವಾ?” ಇದು ಅವರ ಪ್ರಶ್ನೆ. ಇನ್ನೆರಡು ಸಣ್ಣವು: ತೆನೆ ಸುಲಿಯುತ್ತಿದ್ದವರು ಅಪ್ಪ, ಇನ್ನು ಯಾರು? ಒಂಬತ್ತು ಬಗೆಯ ತರಕಾರಿ ಮಾಡಲೇಬೇಕಾ?

ಪ್ರಿಯ ಓದುಗರೇ,

ಊರಿಗೆ ಹೋಗಿ. ಆದರೆ ನಗುಮುಖ ಹಾಕಿಕೊಂಡು ಹೋಗಬೇಕಾಗಿಲ್ಲ.

ಬೈಬಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯ ಒಮ್ಮೆ ತೆಗೆದು ನೋಡಿ. ಬೆಳೆಯ ಮೊದಲ ಫಲವನ್ನು ಬುಟ್ಟಿಯಲ್ಲಿ ತಂದವನು ದೇವರ ಮುಂದೆ ಏನು ಹೇಳಬೇಕು ಅಂತ ಅಲ್ಲಿದೆ. ಅವನು ‘ಫಸಲು ಚೆನ್ನಾಗಿದೆ, ಸಂತೋಷ’ ಅಂತ ಶುರು ಮಾಡುವುದಿಲ್ಲ. ನಮ್ಮ ಹಿರಿಯ ಒಬ್ಬ ಅಲೆಮಾರಿ, ಈಜಿಪ್ಟಿಗೆ ಹೋದ, ಅಲ್ಲಿ ನಮ್ಮನ್ನು ಹಿಂಸಿಸಿದರು, ಬಿಟ್ಟಿ ದುಡಿಸಿಕೊಂಡರು, ಅಳುತ್ತಾ ದೇವರನ್ನು ಕೂಗಿದೆವು ಅಂತ ಕಷ್ಟವನ್ನೆಲ್ಲ ಹೇಳುತ್ತಾನೆ. ಬುಟ್ಟಿಯ ಮಾತು ಆಮೇಲೆ. ಅಳು ಬರುತ್ತಿರುವವರು ಬರಬೇಡಿ ಅಂತ ಮೊದಲ ಫಲದ ಆ ಮಾತುಗಳಲ್ಲಿ ಎಲ್ಲೂ ಇಲ್ಲ.

ಕರಾವಳಿಯ ಕ್ರೈಸ್ತರಿಗೂ ಅಂಥದೇ ಒಂದು ಕತೆ ಇದೆ. 1784ರಲ್ಲಿ ಟಿಪ್ಪು ಸುಲ್ತಾನ ಅವರನ್ನು ಸೆರೆ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಿದ. ಬದುಕುಳಿದವರು ಊರಿಗೆ ವಾಪಸಾದದ್ದು ಅವನು ಸತ್ತ ಮೇಲೆ, 1799ರಲ್ಲಿ. ಹಾಗೆ ಬಂದವರು ಮತ್ತೆ ತೆನೆ ಕೊಯ್ದು ಮಾತೆ ಮರಿಯಮ್ಮನ ಹುಟ್ಟುಹಬ್ಬ ಮಾಡಿದಾಗ ಎಲ್ಲರ ಮನೆಯಲ್ಲೂ ಒಬ್ಬರಾದರೂ ಕಡಿಮೆ ಇದ್ದಿರಬೇಕು ಅಲ್ವಾ?

ಹಾಗಾಗಿ ನಿಮ್ಮ ಸಿಟ್ಟನ್ನೂ ಇಗರ್ಜಿಗೆ (ಚರ್ಚಿಗೆ) ಕರೆದುಕೊಂಡು ಹೋಗಿ. ‘ಅಪ್ಪನನ್ನು ಯಾಕೆ ಕರೆಸಿಕೊಂಡೆ’ ಅಂತ ಕೇಳಿದರೂ ಅದು ಪ್ರಾರ್ಥನೆಯೇ. ಅಪ್ಪನ ಹೆಸರಲ್ಲಿ ಒಂದು ಪೂಜೆ (ಮಾಸ್) ಇಡಿಸಿ. ‘ಥ್ಯಾಂಕ್ಸ್ ದೇವರೇ’ ಅನ್ನುವುದಕ್ಕೆ ಬಾಯಿ ಬರದಿದ್ದರೆ ಸುಮ್ಮನೆ ಕೂತಿರಿ, ನಿಮ್ಮ ಪಾಲಿನದನ್ನು ಪಕ್ಕದಲ್ಲಿ ಕೂತ ಅಮ್ಮ ಹೇಳುತ್ತಾರೆ. ಕುಟುಂಬ ಒಟ್ಟಿಗೆ ಪ್ರಾರ್ಥನೆ ಮಾಡುವುದರಲ್ಲಿ ಇರುವ ದೊಡ್ಡ ಅನುಕೂಲ ಅದು.

ಗದ್ದೆ ಇಲ್ಲ ಅಂತ ಬೇಸರ ಬೇಡ. ಈಗ ಗದ್ದೆ ಇರುವವರೇ ಕಡಿಮೆ. ಆಶೀರ್ವದಿಸಿದ ತೆನೆಯನ್ನು ಇಗರ್ಜಿಯಲ್ಲೇ ಕೊಡುತ್ತಾರೆ. ಪೂಜೆಯಲ್ಲಿ ರೊಟ್ಟಿ ಎತ್ತಿ ಹಿಡಿದಾಗ ಗುರುಗಳು ಅದನ್ನು ಭೂಮಿಯ ಫಲ ಅನ್ನುತ್ತಾರೆ, ಮನುಷ್ಯರ ದುಡಿಮೆಯ ಫಲ ಅಂತಲೂ ಸೇರಿಸುತ್ತಾರೆ. ಯಾರದೋ ಗದ್ದೆಯಲ್ಲಿ ನಾಟಿ ಮಾಡಿದವರನ್ನು ಆ ಹೊತ್ತಿಗೆ ನೆನೆಸಿಕೊಳ್ಳಿ. ರಬ್ಬರ್ ತೋಟ ಇರುವವರು ಹಾಗೆ ನೆನೆಯುವುದು ಜಾಸ್ತಿ ನ್ಯಾಯ ಅಂತ ನನ್ನ ಅಭಿಪ್ರಾಯ.

ತೆನೆ ಸುಲಿಯುವ ವಿಷಯ. ಮನೆಯ ಹಿರಿಯರು ಮಾಡುವುದು ರೂಢಿ, ಗಂಡಸರೇ ಆಗಬೇಕು ಅಂತ ಕಟ್ಟಳೆ ಏನೂ ಇಲ್ಲ. ಅಮ್ಮನ ಕೈಗೆ ಕೊಡಿ. ಪ್ರಾರ್ಥನೆ ಮುಗಿದ ಮೇಲೆ ಅವರು ಉಗುರಿನಿಂದ ಒಂದೊಂದೇ ಭತ್ತದ ಹೊಟ್ಟು ಬಿಡಿಸಲಿ. ಹೊಸ ಭತ್ತ ಇನ್ನೂ ಹಸಿ, ಕೆಲವು ಕಾಳು ಒತ್ತಿದರೆ ಹಾಲು ಬರುತ್ತದೆ. ಸಿಕ್ಕಿದ ಅಕ್ಕಿಯನ್ನು ನಿಮ್ಮ ಮಕ್ಕಳು ಕುಟ್ಟಿ ಪುಡಿ ಮಾಡಲಿ. ಪಾಯಸಕ್ಕೋ ತೆಂಗಿನ ಹಾಲಿಗೋ ಹಾಕಿ ಎಲ್ಲರಿಗೂ ಒಂದೊಂದು ಚಮಚ ಕೊಡಿ. ಅಪ್ಪ ಇದನ್ನು ಹೇಗೆ ಮಾಡುತ್ತಿದ್ದರು ಅಂತ ಆಗ ಮಾತು ಬಂದೇ ಬರುತ್ತದೆ, ಬರಲಿ. ಯಾರಾದರೂ ಅತ್ತರೆ ಊಟ ಅರ್ಧ ಗಂಟೆ ತಡ ಆಗುತ್ತದೆ, ಅಷ್ಟೇ.

ನಿಮ್ಮ ತಮ್ಮ ಕುವೈತಿನಲ್ಲಿದ್ದಾನೆ ಅಂತ ಬರೆದಿದ್ದೀರಿ. ವಿಡಿಯೋ ಕಾಲ್ ಸರಿ, ಆದರೆ ನಾಲ್ಕು ಕಾಳನ್ನು ಲಕೋಟೆಯಲ್ಲಿ ಹಾಕಿ ಅವನಿಗೂ ಕಳಿಸಿ. ಪರದೇಶದಲ್ಲಿರುವವರಿಗೆ ಹಾಗೆ ಅಂಚೆಯಲ್ಲಿ ಕಳಿಸುವುದು ನಮ್ಮಲ್ಲಿ ಹಳೆಯ ಅಭ್ಯಾಸ.

ಇನ್ನು ತರಕಾರಿ. ಮೀನು ಮಾಂಸ ಇಲ್ಲದ ಊಟ, ಬೆಸ ಸಂಖ್ಯೆಯ ಪಲ್ಯ ಪದಾರ್ಥ ಅನ್ನುವುದು ಸಂಪ್ರದಾಯ. ಒಂಬತ್ತೇ ಆಗಬೇಕು ಅಂತ ಧರ್ಮಸಭೆ ಹೇಳಿಲ್ಲ. ಈ ವರ್ಷ ಅಮ್ಮನಿಗೆ ಅಷ್ಟು ತ್ರಾಣ ಇರಲಿಕ್ಕಿಲ್ಲ. ಅಲಸಂಡೆ, ಬೆಂಡೆ, ಹೀರೆ, ಮೂರು ಸಾಕು. ಹೆಚ್ಚುವ ಕೆಲಸ ನೀವು ಮಾಡಿ.

– ಸಂಪಾದಕ