ಹಣ ಹೋಗಲಿಲ್ಲ, ನಂಬಿಕೆ ಏಕೆ ಹೋಯಿತು?

ಪ್ರಶ್ನೆ: ಸರ್, ನಾನು ಬ್ಯಾಂಕಿಂಗ್ ಓದುತ್ತಿರುವ ವಿದ್ಯಾರ್ಥಿ. 2023ರ ಮೇ ತಿಂಗಳಲ್ಲಿ ಇಸ್ಲಾಂ ಧರ್ಮದ ನಿಯಮದಂತೆ (ಶರಿಯಾ) ಬಡ್ಡಿಯಿಲ್ಲದೆ ನಡೆಯುವ ಬ್ಯಾಂಕ್ ಶರಿಯಾ ಇಂಡೊನೇಷ್ಯಾ, ಅಂದರೆ ಬಿಎಸ್‌ಐ ಮೇಲೆ ಸೈಬರ್ ದಾಳಿಯಾಗಿ ಮೊಬೈಲ್ ಬ್ಯಾಂಕಿಂಗ್ ದಿನಗಟ್ಟಲೆ ಕೆಟ್ಟು ಕೂತಿತ್ತು. ಗ್ರಾಹಕರ ಹಣ ಭದ್ರವಾಗಿದೆ ಎಂದು ಬ್ಯಾಂಕ್ ಹೇಳಿತು. ಹಾಗಿದ್ದ ಮೇಲೆ ನಂಬಿಕೆಗೆ ಪೆಟ್ಟು ಬಿದ್ದದ್ದು ಏಕೆ? ಧರ್ಮದ ಕಾರಣಕ್ಕೆ ಬಂದ ಗ್ರಾಹಕರು ಹೇಗೂ ಬಿಟ್ಟುಹೋಗುವುದಿಲ್ಲ ಅಲ್ಲವೇ?

ಉತ್ತರ: ನಿಮ್ಮ ಕೊನೆಯ ಸಾಲಿನಿಂದಲೇ ಶುರು ಮಾಡುತ್ತೇನೆ. ಖಾತೆ ಮುಚ್ಚಲಿಲ್ಲ ಎಂದ ಮಾತ್ರಕ್ಕೆ ನಂಬಿಕೆ ಉಳಿದಿದೆ ಎಂದುಕೊಳ್ಳಬೇಡಿ. ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ತುದಿಯಲ್ಲಿರುವ ಅಚೇ ಪ್ರಾಂತ್ಯವನ್ನು ನೋಡಿ. ಅಲ್ಲಿನ 2018ರ ಕಾನೂನಿನ ಪ್ರಕಾರ ಹಣಕಾಸು ಸಂಸ್ಥೆಗಳೆಲ್ಲ ಶರಿಯಾ ಪದ್ಧತಿಯಲ್ಲೇ ನಡೆಯಬೇಕು. ಬಡ್ಡಿ ವ್ಯವಹಾರದ ಬ್ಯಾಂಕುಗಳು ಅಲ್ಲಿಂದ ಜಾಗ ಖಾಲಿ ಮಾಡಿದ್ದವು. ಬಿಎಸ್‌ಐ ಕೈಕೊಟ್ಟಾಗ ಜನರಿಗೆ ತಟ್ಟಲು ಬೇರೆ ಬಾಗಿಲು ಹೆಚ್ಚಿರಲಿಲ್ಲ. ಅವರು ಉಳಿದರು, ನಿಜ. ಆದರೆ ಅದೇ ತಿಂಗಳು, ಆ ಕಾನೂನನ್ನೇ ತಿದ್ದಿ ಹೋದ ಬ್ಯಾಂಕುಗಳನ್ನು ವಾಪಸ್ ಕರೆಸೋಣ ಎಂಬ ಮಾತು ಪ್ರಾಂತ್ಯದ ಶಾಸಕರಿಂದಲೇ ಬಂತು. ಖಾತೆಗಳ ಲೆಕ್ಕದಲ್ಲಿ ಕಾಣದ ಬೇಸರ ಅಲ್ಲಿ ಬಾಯಿಬಿಟ್ಟಿತು.

ಇನ್ನು ಪೆಟ್ಟು ಬಿದ್ದ ಬಗೆ. ಮೇ 8ರಂದು ಆ್ಯಪ್ ನಿಂತಿತು, ಎಟಿಎಂ ನಿಂತಿತು. ಸಿಸ್ಟಂ ನಿರ್ವಹಣೆ ನಡೆದಿದೆ ಎಂದು ಬ್ಯಾಂಕ್ ಮೊದಲು ಹೇಳಿತು. ಸೈಬರ್ ದಾಳಿಯ ಸೂಚನೆಗಳಿವೆ ಎಂದು ಒಪ್ಪಿಕೊಂಡದ್ದು 11ರಂದು. 13ರಂದು ಲಾಕ್‌ಬಿಟ್ ಎಂಬ, ಕಂಪ್ಯೂಟರ್ ಮಾಹಿತಿ ಕದ್ದು ಹಣ ಕೀಳುವ ಸುಲಿಗೆ ಗುಂಪು ಎದ್ದು ಬಂತು. ಒಂದೂವರೆ ಕೋಟಿ ಜನರ ದಾಖಲೆ ಸೇರಿ 1.5 ಟೆರಾಬೈಟ್ ಮಾಹಿತಿ ನಮ್ಮ ಕೈಯಲ್ಲಿದೆ ಎಂದಿತು. 16ರಂದು ಅದನ್ನು ಡಾರ್ಕ್ ವೆಬ್‌ಗೆ, ಅಂದರೆ ಸಾಮಾನ್ಯ ಹುಡುಕಾಟಕ್ಕೆ ಸಿಗದ ಇಂಟರ್ನೆಟ್ಟಿನ ಮರೆಯ ಭಾಗಕ್ಕೆ, ಸುರಿಯಿತು.

ಗ್ರಾಹಕನ ಜಾಗದಲ್ಲಿ ನಿಂತು ನೋಡಿ. ಸಾಮಾನು ಕಟ್ಟಿಸಿ ಗಲ್ಲಾದ ಮುಂದೆ ನಿಂತಿದ್ದಾನೆ, ಫೋನಿನಲ್ಲಿ ಚಕ್ರ ತಿರುಗುತ್ತಲೇ ಇದೆ, ಹಿಂದಿದ್ದವರು ಗೊಣಗುತ್ತಿದ್ದಾರೆ. ಆ ಮುಜುಗರವನ್ನು ಜನ ಮರೆಯಬಲ್ಲರು. ನಿರ್ವಹಣೆ ಎಂದು ಹೇಳಿದ್ದು ದಾಳಿಯಾಗಿತ್ತು ಎಂದು ಆಮೇಲೆ ತಿಳಿದರೆ ಅದನ್ನು ಮರೆಯುವುದು ಕಷ್ಟ. ನನಗೆ ನೋವಾಗುವುದು ಆ ಮೂರು ದಿನಗಳ ಬಗ್ಗೆ.

ಇಸ್ಲಾಮಿಕ್ ಬ್ಯಾಂಕಿಗೆ ಈ ಹೊಣೆ ಇನ್ನೂ ಬಿಗಿ. ವದೀಅ ಖಾತೆಯಲ್ಲಿ ಹಣ ಇಡುವುದೆಂದರೆ ಕಾಪಾಡಿ ಹಿಂತಿರುಗಿಸಲಿ ಎಂದು ನಂಬಿ ಒಪ್ಪಿಸುವುದು. ಮುದಾರಬ ಖಾತೆಯಲ್ಲಿ ಹಣ ಗ್ರಾಹಕನದು, ದುಡಿಸುವುದು ಬ್ಯಾಂಕಿನ ಕೆಲಸ. ಲಾಭ ಬಂದರೆ ಹಂಚಿಕೆ, ನಷ್ಟವಾದರೆ ಹಣ ಹಾಕಿದವನ ಪಾಲಿಗೆ. ಆದರೆ ಬ್ಯಾಂಕಿನ ಅಲಕ್ಷ್ಯದಿಂದ ಆದ ನಷ್ಟವನ್ನು ಬ್ಯಾಂಕೇ ಹೊರಬೇಕು. ಸರ್ವರ್ ಕಾಯುವುದೂ ಈ ಒಪ್ಪಂದದೊಳಗೇ ಬರುತ್ತದೆ ಎಂಬುದು ನನ್ನ ನಿಲುವು. ಹಣದ ಜೊತೆ ಗ್ರಾಹಕ ತನ್ನ ಹುಟ್ಟಿದ ದಿನ, ಗುರುತಿನ ಸಂಖ್ಯೆ, ತಾಯಿಯ ಹೆಸರನ್ನೂ ಒಪ್ಪಿಸಿರುತ್ತಾನೆ. ಪಾಸ್‌ವರ್ಡ್ ಬದಲಿಸಬಹುದು, ತಾಯಿಯ ಹೆಸರನ್ನು ಬದಲಿಸಲಾಗದು.

ಕಳೆದ ನಂಬಿಕೆ ಜಾಹೀರಾತಿನಿಂದ ಮರಳಿ ಬಾರದು. ಇಂಡೊನೇಷ್ಯಾದ 2022ರ ವೈಯಕ್ತಿಕ ಮಾಹಿತಿ ರಕ್ಷಣಾ ಕಾಯ್ದೆಯಲ್ಲೇ ದಾರಿ ಇದೆ: ಮಾಹಿತಿ ಸೋರಿದರೆ ಏನು ಸೋರಿತು, ಯಾವಾಗ, ಹೇಗೆ, ಸರಿಪಡಿಸಲು ಏನು ಮಾಡುತ್ತಿದ್ದೇವೆ ಎಂದು 72 ಗಂಟೆಯೊಳಗೆ ಸಂಬಂಧಪಟ್ಟವರಿಗೆ ಬರೆದು ತಿಳಿಸಬೇಕು. ಹೊಂದಿಕೊಳ್ಳಲು ಸಂಸ್ಥೆಗಳಿಗೆ ಎರಡು ವರ್ಷ ಕೊಟ್ಟಿದ್ದರು. ಅಷ್ಟು ಕಾಯದೆ ಮೊದಲೇ ಪಾಲಿಸಿದ ಬ್ಯಾಂಕನ್ನು ನಾನಂತೂ ನಂಬುತ್ತೇನೆ.

ಪ್ರಶ್ನೆ: ಠೇವಣಿ ವಿಮೆ ಇರುವಾಗ ಗ್ರಾಹಕರು ಹೆದರಬೇಕೇ?

ಉತ್ತರ: ಇಂಡೊನೇಷ್ಯಾದ ಠೇವಣಿ ವಿಮಾ ಸಂಸ್ಥೆ ಎಲ್‌ಪಿಎಸ್ ಒಂದು ಬ್ಯಾಂಕಿನಲ್ಲಿ ಒಬ್ಬರ 200 ಕೋಟಿ ರುಪಿಯಾವರೆಗಿನ ಠೇವಣಿಗೆ ಖಾತರಿ ಕೊಡುತ್ತದೆ; ಶರಿಯಾ ಬ್ಯಾಂಕುಗಳೂ ಇದರಲ್ಲಿ ಸೇರಿವೆ. ಆದರೆ ಅದು ಪರವಾನಗಿ ರದ್ದಾಗಿ ಬ್ಯಾಂಕ್ ಮುಚ್ಚಿದಾಗ ಕೈಗೆ ಬರುವ ಹಣ. ಮಾಹಿತಿ ಸೋರಿದ ಮೇಲಿನ ಅಪಾಯವೇ ಬೇರೆ: ತಿಂಗಳುಗಳ ನಂತರ ಬರುವ ಒಂದು ಫೋನ್ ಕರೆ. ಆ ಕಡೆಯವನು ನಿಮ್ಮ ಹೆಸರು, ಖಾತೆ ಸಂಖ್ಯೆ ತಪ್ಪಿಲ್ಲದೆ ಹೇಳುತ್ತಾನೆ, ಒಟಿಪಿ ಒಂದನ್ನೇ ಕೇಳುತ್ತಾನೆ. ವಿವರ ಸರಿಯಾಗಿ ಹೇಳಿದ ಎಂಬ ಕಾರಣಕ್ಕೆ ಅವನು ಬ್ಯಾಂಕಿನವನಾಗುವುದಿಲ್ಲ. ಫೋನ್ ಇಟ್ಟುಬಿಡಿ, ಕಾರ್ಡಿನ ಹಿಂದೆ ಅಚ್ಚಾಗಿರುವ ಸಂಖ್ಯೆಗೆ ನೀವೇ ಕರೆ ಮಾಡಿ ವಿಚಾರಿಸಿ.